ಗಾಳಿಯೂರಿನ ಒಂದೇ ಒಲೆ

ನಮ್ಮೂರಿನಲ್ಲಿ ಮದುವೆಯಾಗಿ ಬಂದ ಹೆಣ್ಣನ್ನು ಒಂದು ವರ್ಷದ ತನಕ ಯಾರೂ ಬೈಯುತ್ತಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ, ಹಾಲು ಉಕ್ಕಿ ಒಲೆಗೆ ಬಿದ್ದರೂ, ಅತ್ತೆಯಾದವಳು ತುಟಿ ಕಚ್ಚಿಕೊಂಡು "ಪಾಪ, ಮೂಗು ಇನ್ನೂ ತಿರುಗಿಲ್ಲ" ಎಂದು ಸುಮ್ಮನಾಗುತ್ತಿದ್ದಳು. ಹೊಸ ಬೀದಿಯ ವಾಸನೆಗೆ ಮೂಗು ತಿರುಗಲು ಒಂದು ವರ್ಷ ಬೇಕು ಎಂಬುದು ಹಿರಿಯರ ಮಾತು. ನನಗೆ ಹನ್ನೊಂದು ವರ್ಷವಾದರೂ ತಿರುಗಲಿಲ್ಲ. ಹಾಗಂತ ಹನ್ನೊಂದು ವರ್ಷ ಬೈಗುಳ ತಪ್ಪಿತು ಎಂದುಕೊಳ್ಳಬೇಡಿ. ಎರಡನೆಯ ವರ್ಷ ಹಿಡಿದ ದಿನವೇ ಹಿಂದಿನದನ್ನೂ ಸೇರಿಸಿ ಬೈದರು.

ನಮ್ಮದು ಏಳು ಬೀದಿಗಳ ಊರು. ಬೆಳಿಗ್ಗೆ ಒಲೆ ಹೊತ್ತಿಸುವ ಹೊತ್ತಿಗೆ, ಎಂದಾದರೊಮ್ಮೆ ಸಂಜೆಗೂ, ಒಂದೊಂದು ಬೀದಿಗೂ ಒಂದೊಂದು ದೂರದ ಊರಿನ ಅಡುಗೆಯ ವಾಸನೆ ಬಂದು ನಿಲ್ಲುತ್ತಿತ್ತು. ಆ ಊರನ್ನು ಆ ಬೀದಿಯ ಗಾಳಿಯೂರು ಎನ್ನುತ್ತಿದ್ದೆವು. ಒಂದು ಬೀದಿಗೆ ಖರ್ಜೂರದ, ಸುಟ್ಟ ಕುರಿಮಾಂಸದ ಮರಳುಗಾಡಿನ ಊರು. ಇನ್ನೊಂದಕ್ಕೆ ಮೂಡಣದ ಯಾವುದೋ ದೊಡ್ಡ ಪಟ್ಟಣ. ಅಲ್ಲಿಯವರು ಕಾಳನ್ನು ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಕೊಳೆಸಿ ಅನ್ನಕ್ಕೆ ಹಾಕಿಕೊಳ್ಳುತ್ತಿದ್ದರು. ಮತ್ತೊಂದಕ್ಕೆ ಊರು ಅಂತಲೇ ಇಲ್ಲ, ಬರೀ ಡೇರೆಗಳು. ಹುಳಿ ಬರಿಸಿದ ಕುದುರೆಹಾಲಿನ ವಾಸನೆ ಈ ತಿಂಗಳು ಬೀದಿಯ ಬಡಗಣ ತುದಿಯಲ್ಲಿದ್ದರೆ ಮುಂದಿನ ತಿಂಗಳು ತೆಂಕಣ ತುದಿಯಲ್ಲಿ. ಆ ಬೀದಿಯ ಮಕ್ಕಳನ್ನು ಕಂಡರೆ ನಾವು ಕುದುರೆಯ ಹಾಗೆ ಕೆನೆದು ಓಡುತ್ತಿದ್ದೆವು. ಈ ವಾಸನೆ ಯಾಕೆ ಬರುತ್ತದೆ ಎಂದು ಕೇಳಿದರೆ ದೊಡ್ಡವರು, "ಮಳಿ ಯಾಕ ಬರತೈತಿ? ಹೋಗು, ಕಸ ಹೊಡಿ" ಎನ್ನುತ್ತಿದ್ದರು.

ನಾನು ಹುಟ್ಟಿದ್ದು ಸೀನುಬೀದಿಯಲ್ಲಿ. ನಮ್ಮ ಗಾಳಿಯೂರು ಎಲ್ಲಿದೆ ಎಂದು ಒಂಟೆಯವರಿಗೂ ಗೊತ್ತಿರಲಿಲ್ಲ, ಹಡಗಿನವರಿಗೂ ಗೊತ್ತಿರಲಿಲ್ಲ. ಯಾವುದೋ ಸಿಹಿಯಾದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರುಬ್ಬಿ, ಹೆಂಚಿನ ಮೇಲೆ ಸುಡುತ್ತಿದ್ದರು. ಅದರ ಹಿಂದೆಯೇ ಒಂದು ಘಾಟು ಬರುತ್ತಿತ್ತು. ಕರಿಮೆಣಸಿನದಲ್ಲ, ಶುಂಠಿಯದಲ್ಲ, ಸಾಸಿವೆಯದೂ ಅಲ್ಲ. ಇಡೀ ಬೀದಿ ಕಣ್ಣಲ್ಲಿ ನೀರು ಸುರಿಸುತ್ತ, ಸೀನುತ್ತ, ನಗುತ್ತ ಏಳುತ್ತಿತ್ತು. ಆ ಪದಾರ್ಥ ಯಾವುದೆಂದು ತಿಳಿಯಲು ನಮ್ಮಪ್ಪ ಊರಿಗೆ ಬಂದ ವ್ಯಾಪಾರಿಗಳ ಮೂಟೆಗಳನ್ನೆಲ್ಲ ಮೂಸಿದ. ಸಿಗಲಿಲ್ಲ. "ಅದೊಂದು ನಮ್ಮ ಸಾರಿಗೆ ಬಿದ್ದಿದ್ರ ಏನ್ ಆಗ್ತಿತ್ತೋ!" ಎಂದು ಆಸೆಪಟ್ಟುಕೊಂಡೇ ಸತ್ತ.

ನನಗೆ ಹದಿಮೂರು ವರ್ಷವಾಗಿದ್ದಾಗ ಒಂದು ಬೆಳಿಗ್ಗೆ ಕಾಳಿನ ವಾಸನೆಯ ಬದಲು ಸುಟ್ಟ ವಾಸನೆ ಬಂತು. ಮೊದಲು ಮರ, ಆಮೇಲೆ ಹತ್ತಿ, ಆಮೇಲೆ ಬಾಯಿಬಿಟ್ಟು ಹೇಳಬಾರದ್ದು. ಒಂಬತ್ತು ದಿನ ಸುಟ್ಟಿತು. ಹತ್ತನೆಯ ದಿನ ಏನೂ ಬರಲಿಲ್ಲ. ಊರಿನ ಕಟ್ಟಳೆ ಏನೆಂದರೆ, ಮೂರು ದಿನ ಸತತವಾಗಿ ವಾಸನೆ ಬರದಿದ್ದರೆ ಆ ಗಾಳಿಯೂರು ಸತ್ತ ಹಾಗೆ. ಬೀದಿಯವರೆಲ್ಲ ಒಲೆ ಆರಿಸಿ ಹನ್ನೊಂದು ದಿನ ಸೂತಕ ಹಿಡಿಯಬೇಕು. ಹನ್ನೆರಡನೆಯ ದಿನ ಬೀದಿ ಮುಚ್ಚುತ್ತಾರೆ. ಮನೆಗಳನ್ನು ಖಾಲಿ ಮಾಡಿಸಿ, ಒಬ್ಬೊಬ್ಬರನ್ನು ಒಂದೊಂದು ಬೀದಿಗೆ ಹಂಚಿಬಿಡುತ್ತಾರೆ. ಅಣ್ಣತಮ್ಮಂದಿರನ್ನೂ ಒಂದೇ ಬೀದಿಯಲ್ಲಿ ಇರಗೊಡುವುದಿಲ್ಲ. ಸತ್ತ ಊರಿನ ದುಃಖ ಒಂದು ಕಡೆ ಗುಂಪುಗೂಡಬಾರದು ಎಂದು ಹಿಂದಿನವರು ಮಾಡಿದ ಏರ್ಪಾಡು. ನಮ್ಮಪ್ಪನಿಗೆ ಕುದುರೆಹಾಲಿನ ಬೀದಿ ಬಂತು, ಮದುವೆಯಾಗದ ಮಗಳೆಂದು ನನ್ನನ್ನು ಅವನ ಜೊತೆಗೇ ಬಿಟ್ಟರು. ಅಲ್ಲಿ ಅವನು ಬೆಳಿಗ್ಗೆ ಎದ್ದು ಜಗಲಿಯ ಮೇಲೆ ಕೂತು ಸೀನಲು ಪ್ರಯತ್ನಪಡುತ್ತಿದ್ದ. ಬರುತ್ತಿರಲಿಲ್ಲ. ಮೂರು ವರ್ಷ ಹೀಗೇ ಕೂತು, ಒಂದು ದಿನ ಕೂತಲ್ಲೇ ಹೋದ. ತವರುಮನೆ ಇಲ್ಲದ ಹೆಣ್ಣುಮಕ್ಕಳು ಎಲ್ಲ ಊರಲ್ಲೂ ಇರುತ್ತಾರೆ. ನನಗೆ ತವರುಬೀದಿಯೇ ಇರಲಿಲ್ಲ.

ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ. ಹೇಳದೆ ಬಹಳ ವರ್ಷವಾಯಿತು, ಈಗ ಹೇಳುತ್ತೇನೆ: ಎರೆಯ. ಗಾಣಿಗರವನು, ಹುಳಿರೊಟ್ಟಿ ಬೀದಿಯವನು. ಎದುರಿಗಿದ್ದಾಗ ಅವನನ್ನು ಬಹುವಚನದಲ್ಲೇ ಮಾತನಾಡಿಸುತ್ತಿದ್ದೆ. ದೂರ ಹೋದವನಿಗೆ ಅಷ್ಟು ಮರ್ಯಾದೆ ಬೇಡ.

ಹುಳಿರೊಟ್ಟಿ ಬೀದಿಯ ಗಾಳಿಯೂರು ಪಡುವಣ ಸಮುದ್ರದ ಆಚೆಗಿತ್ತು. ಊರೆಂದರೆ ಊರೇ ಅದು. ಹತ್ತು ಸಾವಿರ ಒಲೆಗಳ ವಾಸನೆ ಒಟ್ಟಿಗೆ ಬಂದರೆ ಹೇಗಿರುತ್ತದೆ ಎಂದು ನೀವೇ ಯೋಚಿಸಿ. ಹುಳಿಹಿಟ್ಟಿನಲ್ಲಿ ಉಬ್ಬಿಸಿದ ಗೋಧಿರೊಟ್ಟಿ, ಯಾವುದೋ ಕಾಯಿಯ ಎಣ್ಣೆ, ದ್ರಾಕ್ಷಿಯ ಹೆಂಡ. ಜೊತೆಗೆ ಅವರು ಎಲ್ಲದಕ್ಕೂ ಸುರಿದುಕೊಳ್ಳುತ್ತಿದ್ದ ಹಳಸಿದ ಮೀನಿನ ನೀರು. ಹೊಸ ಸೊಸೆಯರು ಮೊದಲ ವಾರ ಅದಕ್ಕೆ ವಾಂತಿ ಮಾಡಿಕೊಂಡರೆ ಅತ್ತೆಯರು ಅವಸರಪಟ್ಟು ಬೆಲ್ಲ ಹಂಚಿಬಿಡುತ್ತಿದ್ದರು. ಹಿಂದೆ ಯಾವಾಗಲೋ ಯವನ ವ್ಯಾಪಾರಿಯೊಬ್ಬ ಈ ಬೀದಿಗೆ ಕಾಲಿಟ್ಟವನೇ ನಡುರಸ್ತೆಯಲ್ಲಿ ಕುಸಿದು ಅತ್ತನಂತೆ. ಅವನು ಹೇಳಿದ ಊರಿನ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ, ಆದರೆ ಅವನು ಅತ್ತದ್ದನ್ನು ಬೀದಿಯವರು ಮೂರು ತಲೆಮಾರು ಹೇಳಿಕೊಂಡು ಮೆರೆದರು.

ಎರೆಯನಿಗೆ ಆ ಊರಿನ ಹುಚ್ಚು. ಎಳ್ಳು, ಕುಸುಬೆ, ಹಿಪ್ಪೆ ಎಲ್ಲವನ್ನೂ ಬೆರೆಸಿ ಆ ಕಾಯಿಯ ಎಣ್ಣೆಯ ವಾಸನೆ ತರಲು ನೋಡುತ್ತಿದ್ದ. ಬರುತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ಮುಖ ತೊಳೆಯುವ ಮೊದಲು ಬಾಗಿಲಲ್ಲಿ ನಿಂತು, "ದೇಕಿ, ಇವತ್ತು ಅಲ್ಲಿ ಹಬ್ಬ ಐತಿ ನೋಡು, ಜೇನು ಬಿದ್ದೈತಿ" ಎನ್ನುತ್ತಿದ್ದ. ನನಗೂ ವಾಸನೆ ಬರುತ್ತಿತ್ತು. ಗೋಧಿ ಇಷ್ಟು, ಹುಳಿ ಇಷ್ಟು, ಹೊಗೆ ಇಷ್ಟು ಎಂದು ಬಿಡಿಸಿ ಹೇಳಬಲ್ಲವಳಾಗಿದ್ದೆ. ಆದರೆ ಅವನ ಎದೆಯಲ್ಲಿ ಆಗುತ್ತಿದ್ದದ್ದು ನನ್ನ ಎದೆಯಲ್ಲಿ ಆಗುತ್ತಿರಲಿಲ್ಲ. ಮೂಗು ತಿರುಗುವುದೆಂದರೆ ಅದೇ. ಅವನು ನನ್ನ ಮುಖ ನೋಡಿ ಸುಮ್ಮನೆ ಗಾಣಕ್ಕೆ ಹೋಗುತ್ತಿದ್ದ.

ಅವನನ್ನು ಸಾಕಿದವಳು ಸೋದರತ್ತೆ ಮಾಳಬ್ಬೆ. ಆಕೆಯೇ ಬೀದಿಯ ಮೂಗವ್ವ. ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ನಿಂತು ಮೂಸಿ "ಬಂತು" ಎಂದು ಆಕೆ ಕೂಗಿದ ಮೇಲೆಯೇ ಬೀದಿಯ ನಲವತ್ತು ಮನೆಗಳಲ್ಲಿ ಒಲೆ ಹೊತ್ತಬೇಕು. ಆಕೆಯ ಮಾತೆಂದರೆ ಕಲ್ಲಿನ ಮೇಲೆ ಬರೆದ ಹಾಗೆ.

ಆಮೇಲೆ ಸೂರ್ಯ ಮಂಕಾದ ವರ್ಷ ಬಂತು. ಮೋಡವಿಲ್ಲ, ಗ್ರಹಣವಿಲ್ಲ, ಹಗಲೆಲ್ಲ ಸೂರ್ಯ ಬೂದಿ ಬಳಿದ ತಟ್ಟೆಯ ಹಾಗೆ ತೂಗಾಡುತ್ತಿದ್ದ. ಜೋಳ ತೆನೆ ಕಟ್ಟಲಿಲ್ಲ. ಲೋಕದಲ್ಲೆಲ್ಲ ಹೀಗೇ ಆಗಿದೆ ಎಂದು ಒಂಟೆಯವರು ಹೇಳಿದರು. ಒಂದು ಕಡೆ ಬೇನೆ ಬಂದು ಊರಿಗೆ ಊರೇ ಹೋಯಿತಂತೆ, ಇನ್ನೊಂದು ಕಡೆ ಡೇರೆಯವರು ಕುದುರೆ ಹತ್ತಿ ಹೊರಟರಂತೆ. ಪಡುವಣದ ದೊಡ್ಡೂರನ್ನು ಒಬ್ಬ ಅರಸ ಗೆದ್ದ, ಅವನಿಂದ ಇನ್ನೊಬ್ಬ ಗೆದ್ದ, ಮತ್ತೆ ಮೊದಲಿನವನು ಬಂದ. ಗೆಲ್ಲುವ ಭರದಲ್ಲಿ ನೀರಿನ ಕಾಲುವೆಗಳನ್ನೇ ಒಡೆದರಂತೆ. ಕೋಣ ಕೋಣ ಕಾದಾಡಿ ಗಿಡಕ್ಕೆ ಮುಪ್ಪು ಬಂತು ಎನ್ನುವ ಹಾಗೆ.

ಅದನ್ನು ಯಾರೂ ನಮಗೆ ಹೇಳಬೇಕಾಗಿರಲಿಲ್ಲ. ಮೊದಲು ಜೇನು ನಿಂತಿತು. ಆಮೇಲೆ ಎಣ್ಣೆ, ಆಮೇಲೆ ಮೀನಿನ ನೀರು. ನಾನು ಹನ್ನೊಂದು ವರ್ಷ ಮೂಗು ಮುರಿದಿದ್ದ ಆ ಮೀನಿನ ನೀರು ನಿಂತ ದಿನ ನಾನೂ ಎರಡು ಸಲ ಬಾಗಿಲಿಗೆ ಬಂದು ಮೂಸಿದೆ. ಹತ್ತು ಸಾವಿರ ಒಲೆ ಸಾವಿರವಾಯಿತು, ಸಾವಿರ ನೂರಾಯಿತು. ಮಾಳಬ್ಬೆ ಕಟ್ಟೆಯ ಮೇಲೆ ನಿಂತು ಮೂಸುವ ಹೊತ್ತು ದಿನದಿನಕ್ಕೆ ಹೆಚ್ಚಾಗುತ್ತ ಹೋಯಿತು. ಕೊನೆಗೆ ಒಂದೇ ಒಂದು ಒಲೆ ಉಳಿಯಿತು.

ಒಬ್ಬಳೇ ಹೆಂಗಸು ಇರಬೇಕು ಎಂದರು ಬೀದಿಯವರು. ಎಣ್ಣೆಯಿಲ್ಲದ ಒಂದು ರೊಟ್ಟಿ, ಅದೂ ಅಂಚು ಸೀಯಿಸಿದ್ದು. "ಕಣ್ಣು ಮಂಜಾಗಿರಬೇಕು ಅಕಿಗೆ" ಎಂದಳು ಮಾಳಬ್ಬೆ. ಅವಳಿಗೆ ಎಲ್ಲರೂ ಅಕ್ಕ ಎಂದೇ ಹೆಸರಿಟ್ಟರು. ಅಕ್ಕ ಇವತ್ತು ತಡವಾಗಿ ಎದ್ದಳು, ಅಕ್ಕನಿಗೆ ಇವತ್ತು ಒಳ್ಳೆಯ ಕಟ್ಟಿಗೆ ಸಿಕ್ಕಿದೆ, ಅಕ್ಕ ಜ್ವರ ಬಂದು ಗಂಜಿ ಮಾಡಿಕೊಂಡಿದ್ದಾಳೆ. ಬಾವಿಕಟ್ಟೆಯಲ್ಲಿ ಇದೇ ಮಾತು. ಅವಳು ರೊಟ್ಟಿ ಸೀಯಿಸುತ್ತಿರುವಷ್ಟು ದಿನ ನಮ್ಮ ನಲವತ್ತು ಮನೆಗಳು ಉಳಿಯುತ್ತವೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಆದರೆ ಅದಕ್ಕಾಗಿ ಮಾತ್ರವೇ ಅವಳನ್ನು ಅಕ್ಕ ಎಂದರು ಎಂದರೆ ತಪ್ಪಾಗುತ್ತದೆ. ಎರೆಯ ಅಂತೂ ಊಟಕ್ಕೆ ಕೂತರೆ ಮೊದಲ ತುತ್ತು ಎತ್ತುವ ಮುಂಚೆ "ಅಷ್ಟ್ ದೊಡ್ಡ ಊರಾಗ ಒಬ್ಬಾಕೀನ" ಎಂದು ಒಂದು ಕ್ಷಣ ಕೈ ತಡೆಯುತ್ತಿದ್ದ.

ಸುಗ್ಗಿ ಮುಗಿದ ಮೇಲೆ ಒಂದು ಬೆಳಿಗ್ಗೆ ಅವಳ ರೊಟ್ಟಿ ಬರಲಿಲ್ಲ. ಮರುದಿನವೂ ಇಲ್ಲ. ಮಾಳಬ್ಬೆ ಸೂರ್ಯ ನೆತ್ತಿಗೇರುವ ತನಕ ಕಟ್ಟೆಯ ಮೇಲೆ ನಿಂತು, "ಬಂತು" ಎಂದು ಕೂಗದೆ ಇಳಿದು ಹೋದಳು. ಎರೆಯ ಗಾಣ ಕಟ್ಟಲಿಲ್ಲ. ಜಗಲಿಯ ಮೇಲೆ, ನಮ್ಮಪ್ಪ ಕೂರುತ್ತಿದ್ದ ಹಾಗೆಯೇ, ಮೊಣಕಾಲು ಕಟ್ಟಿಕೊಂಡು, ಮುಖ ಮೇಲೆ ಮಾಡಿ ಕೂತಿದ್ದ. ಅದನ್ನು ನೋಡಿದ ಮೇಲೆ ನನಗೆ ಇನ್ನೇನೂ ಕಾಣಲಿಲ್ಲ. ಒಬ್ಬರು ಹಾಗೆ ಕೂತು ಸತ್ತದ್ದನ್ನು ನೋಡಿದ್ದೇನೆ, ಇನ್ನೊಬ್ಬರನ್ನು ನೋಡಲಾರೆ ಎನಿಸಿತು.

ಬೀದಿಯ ಪಡುವಣ ತುದಿಯಲ್ಲಿ, ದಿಬ್ಬದ ಹಿಂದೆ, ಮಡಕೆ ಸುಡಲು ಕಟ್ಟಿ, ಕುಂಬಾರರು ಬಿಟ್ಟುಹೋದ ಹಳೆಯ ಆವಿಗೆ ಇತ್ತು. ಮೂರನೆಯ ದಿನ ಕೋಳಿ ಕೂಗುವ ಹೊತ್ತಿಗೆ ಅಲ್ಲಿಗೆ ಹೋದೆ. ಹಿಂದಿನ ದಿನವೇ ಗೋಧಿಹಿಟ್ಟಿಗೆ ಹೆಂಡದ ಗಸಿ ಕಲಸಿ ಹುಳಿ ಬರಲು ಇಟ್ಟಿದ್ದೆ. ರೊಟ್ಟಿ ತಟ್ಟಿ ಆವಿಗೆಯೊಳಗೆ ಇಟ್ಟು, ಅಂಚು ಸೀಯುವ ತನಕ ತೆಗೆಯಲಿಲ್ಲ. ಮೂಗು ತಿರುಗಿದವರಿಗೆ ಆ ವಾಸನೆ ಬಂದರೆ ಊರು ಕಾಣುತ್ತಿತ್ತು. ನನಗೆ ಹಿಟ್ಟು, ಹುಳಿ, ಹೊಗೆ ಬೇರೆಬೇರೆಯಾಗಿ ಕಾಣುತ್ತಿದ್ದವು. ಹಾಗಾಗಿ ಅದನ್ನು ಮಾಡಲು ಇಡೀ ಬೀದಿಯಲ್ಲಿ ನನ್ನೊಬ್ಬಳಿಗೇ ಬರುತ್ತಿತ್ತು. ಗಾಳಿ ದಿಬ್ಬದ ಮೇಲಿಂದ ಇಳಿಯಿತು. ಸ್ವಲ್ಪ ಹೊತ್ತಿಗೆ ಮಾಳಬ್ಬೆಯ ಕೂಗು ಕೇಳಿತು: "ಬಂತು! ಬಂತವ್ವಾ, ಬಂತು!"

ನಾನು ಮನೆಗೆ ಬಂದಾಗ ಎರೆಯ ಅಳುತ್ತ ನಗುತ್ತಿದ್ದ. "ಜ್ವರ ಬಿಟ್ಟೈತಿ ಅಕ್ಕಗ" ಎಂದ. ಹೌದೆಂದೆ. ಒಂದು ದಿನದ ಮಟ್ಟಿಗೆ ಎಂದುಕೊಂಡೇ ಮಾಡಿದ್ದೆ. ಆದರೆ ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಎನ್ನುತ್ತಾರಲ್ಲ. ನನ್ನದು ನೂರಕ್ಕೂ ನಿಲ್ಲಲಿಲ್ಲ, ದಿನಕ್ಕೊಂದರಂತೆ ಎರಡು ವರ್ಷ ಸುಟ್ಟೆ. ಸೆಗಣಿ ಆರಿಸಲು ಹೋಗುತ್ತೇನೆ ಎಂದು ಬುಟ್ಟಿ ಹಿಡಿದು ಹೊರಡುತ್ತಿದ್ದೆ. ಒಮ್ಮೆ ಕೈತಪ್ಪಿ ಹಿಟ್ಟಿಗೆ ಎಳ್ಳು ಬಿದ್ದಾಗ ಎರೆಯ ಇಡೀ ದಿನ ಹಿಗ್ಗಿದ. "ಅಕ್ಕಗ ಯಾರೋ ಎಳ್ಳು ತಂದು ಕೊಟ್ಟಾರ. ಯಾರೋ ಬಂದಾರ ಊರಿಗೆ!" ಅವನ ಆ ಮುಖ ನೋಡಲು ನಾನು ಮತ್ತೆ ಎರಡು ಸಲ ಬೇಕೆಂದೇ ಎಳ್ಳು ಹಾಕಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಎರಡು ವರ್ಷ ನಾನು ಸುಖವಾಗಿದ್ದೆ. ಅವನು ಪ್ರೀತಿಸುತ್ತಿದ್ದದ್ದು ನನ್ನ ಕೈಯ ರೊಟ್ಟಿಯನ್ನು.

ಎರಡನೆಯ ವರ್ಷದ ಕೊನೆಗೆ ನಾನು ಬಸಿರಾದೆ. ನಾಲ್ಕನೆಯ ತಿಂಗಳಲ್ಲಿ ಅದು ನಿಲ್ಲಲಿಲ್ಲ. ಎರಡು ದಿನ ಏಳಲಾಗದೆ ಮಲಗಿದ್ದೆ. ಆ ಎರಡು ದಿನವೂ ಬೀದಿಗೆ ವಾಸನೆ ಬರಲಿಲ್ಲ. ಬೀದಿಗೆ ಬೀದಿಯೇ ಉಸಿರು ಹಿಡಿದು ಕೂತಿತು. ಮೂರನೆಯ ದಿನ ಎದ್ದೆನೋ ತೆವಳಿದೆನೋ, ಹೇಗೋ ದಿಬ್ಬ ಹತ್ತಿ ರೊಟ್ಟಿ ಸುಟ್ಟು ಬಂದೆ. ಬೀದಿ ಉಳಿಯಿತು. ಆದರೆ ಅಷ್ಟರಲ್ಲಿ ಎರೆಯ ತೀರ್ಮಾನ ಮಾಡಿಬಿಟ್ಟಿದ್ದ.

"ಮುನ್ನೂರು ವರ್ಷ ಆ ಊರು ನಮಗ ಬೆಳಗಾ ಮಾಡೇತಿ ದೇಕಿ" ಎಂದ, ನನ್ನ ಹಾಸಿಗೆಯ ಪಕ್ಕದಲ್ಲಿ ಕೂತು. "ಈಗ ಅಲ್ಲಿ ಒಬ್ಬ ಮುದುಕಿ ಜಡ್ಡಾಗಿ ಬಿದ್ದಾಳ. ಒಂದು ತಂಬಿಗಿ ನೀರು ಕೊಡೋರು ಇಲ್ಲ. ನಮ್ಮ ಬೀದ್ಯಾಗಿಂದ ಒಬ್ಬರರ ಹೋಗಬೇಕಲ್ಲ?"

"ಎರಡು ವರ್ಷದ ದಾರಿ ಅಂತಾರ" ಎಂದೆ. "ನೀವು ಮುಟ್ಟೂದ್ರಾಗ ಅಕಿ ಇರ್ತಾಳೇನು?"

"ಇರ್ತಾಳ. ಎರಡು ಸಲ ಜಡ್ಡಾಗಿ ಎದ್ದಾಳ. ಗಟ್ಟಿ ಜೀವ ಅದು."

ಆ ಗಟ್ಟಿ ಜೀವ ತನ್ನ ಎದುರಿಗೇ ಬಿಳಿಚಿಕೊಂಡು ಮಲಗಿದೆ ಎಂದು ಅವನಿಗೆ ಹೇಗೆ ಹೇಳಲಿ? ಒಂಟೆಸಾಲು ಹೊರಡಲು ಹನ್ನೆರಡು ದಿನವಿತ್ತು. ದಿನಾ ಇವತ್ತು ಹೇಳುತ್ತೇನೆ, ಇವತ್ತು ಹೇಳುತ್ತೇನೆ ಎಂದು ಹನ್ನೊಂದು ದಿನ ಕಳೆದೆ. ಹೊರಡುವ ಬೆಳಿಗ್ಗೆ ಆವಿಗೆಯಿಂದ ತೆಗೆದ ಬಿಸಿ ರೊಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನೇರ ಊರ ಅಗಸೆ ಬಾಗಿಲಿಗೆ ನಡೆದೆ. ಬೀದಿಯ ನಲವತ್ತು ಮನೆಯವರೂ ಅವನನ್ನು ಕಳಿಸಲು ಬಂದಿದ್ದರು. ಒಂಟೆಗಳು ಎದ್ದು ನಿಂತಿದ್ದವು. ಎಲ್ಲರೆದುರು ರೊಟ್ಟಿ ಮುರಿದು ಅವನ ಮೂಗಿಗೆ ಹಿಡಿದೆ.

"ಮೂಸ್ರಿ. ಇವತ್ತು ಬೀದಿಗೆ ಬಂದದ್ದು ಇದ. ನಿನ್ನೇದೂ ಇದ. ಎರಡು ವರ್ಷದಿಂದ ನಾನ ಸುಡಾಕತ್ತೀನಿ, ಕುಂಬಾರರ ಆವಿಗ್ಯಾಗ. ಅಕ್ಕ ಇಲ್ಲ. ಆ ಊರು ಹೋಗಿ ಎರಡು ವರ್ಷ ಆತು. ಹೋಗಬ್ಯಾಡ್ರಿ."

ಎರೆಯ ರೊಟ್ಟಿಯನ್ನು ಮೂಸಿದ, ಇನ್ನೊಮ್ಮೆ ಮೂಸಿದ. ಆಮೇಲೆ ಮಾಳಬ್ಬೆಯ ಕಡೆ ತಿರುಗಿ, "ಅತ್ತಿ?" ಎಂದ, ಅಷ್ಟೇ.

ಮಾಳಬ್ಬೆ ನನ್ನನ್ನು ನೋಡಲಿಲ್ಲ. ಅವನನ್ನೂ ನೋಡಲಿಲ್ಲ. ಅವನ ಹಿಂದೆ ನಿಂತಿದ್ದ ಜನರನ್ನು, ಸೊಂಟದ ಮೇಲೆ ಕೂಸು ಹೊತ್ತವರನ್ನು, ಕೋಲೂರಿಕೊಂಡು ಬಂದ ಮುದುಕರನ್ನು ಒಂದು ಸಲ ನೋಡಿದಳು. "ಹದಿಮೂರು ವರ್ಷ ಆತು, ಈ ಹುಡುಗಿ ಮೂಗು ತಿರುಗಿಲ್ಲ" ಎಂದಳು. "ಅಕಿಗೇನ್ ತಿಳೀತೈತಿ? ಗಂಡನ್ನ ನಿಲ್ಲಿಸಾಕ ಏನಾರ ಹೇಳ್ತಾಳ, ಪಾಪ. ವಾಸನಿ ಅಲ್ಲೀದ. ಮೂಗವ್ವ ನಾ ಹೇಳಾಕತ್ತೀನಿ."

ಎರೆಯ ನನ್ನ ಕಡೆ ತಿರುಗಿದ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ಅವನ ಕಣ್ಣಲ್ಲಿ ನೀರಿತ್ತು, ಆದರೆ ಅವನು ನಗುತ್ತಿದ್ದ. ಮದುವೆಯಾದಂದಿನಿಂದ ಅವನು ನನ್ನನ್ನು ಹಾಗೆ ನೋಡಿರಲಿಲ್ಲ. "ಯಾರಿಗೂ ಹೇಳದ ಕಲತೀಯಲ್ಲ ದೇಕಿ" ಎಂದ. "ಬರೋಬ್ಬರಿ ಅಕ್ಕನ ಕೈ. ನಿನಗೂ ಆ ಊರು ಬೇಕಾಗಿತ್ತಲ್ಲ, ನನಗ ಗೊತ್ತ ಆಗಲಿಲ್ಲ ನೋಡು." ರೊಟ್ಟಿಯ ಎರಡು ಹೋಳನ್ನೂ ಜೋಡಿಸಿ, ಬಟ್ಟೆಯಲ್ಲಿ ಸುತ್ತಿ, ಬುತ್ತಿಯ ಗಂಟಿನೊಳಗೆ ಇ‌ಟ್ಟುಕೊಂಡ.

ಆವಿಗೆ ಅಲ್ಲಿಂದ ಬಹಳ ದೂರವಿರಲಿಲ್ಲ. ಕೈ ಹಿಡಿದು ಎಳೆದುಕೊಂಡು ಹೋಗಿ ಎರಡು ವರ್ಷದ ಬೂದಿ ತೋರಿಸಬಹುದಿತ್ತು. ತೋರಿಸಲಿಲ್ಲ. ನಲವತ್ತು ಮನೆಯ ಕಣ್ಣು ನನ್ನ ಮೇಲಿತ್ತು ಎನ್ನುವುದು ಒಂದು ಕಾರಣ. ಇನ್ನೊಂದು ಹೇಳಿದರೆ ನೀವು ನನ್ನನ್ನು ಬೈದೀರಿ. ಹದಿಮೂರು ವರ್ಷದಲ್ಲಿ ಮೊದಲ ಸಲ ನನ್ನ ಗಂಡ ನನ್ನನ್ನು ತನ್ನವಳು ಎಂದು ನೋಡಿದ್ದ. ಬೂದಿ ತೋರಿಸಿ ಆ ನೋಟವನ್ನು ಅಳಿಸಲು ನನಗೆ ಮನಸ್ಸಾಗಲಿಲ್ಲ. ಒಂಟೆಗಳು ನಡೆದವು. ಧೂಳು ಅಡಗುವ ತನಕ ನಿಂತಿದ್ದೆ.

ಮರುದಿನ ದಿಬ್ಬದ ಹಿಂದೆ ಹೋದಾಗ ಆವಿಗೆಯ ಬಾಯಿಯಲ್ಲಿ ಒಂದು ಹೊರೆ ಒಣಕಟ್ಟಿಗೆ ಇತ್ತು. ಪಕ್ಕದಲ್ಲಿ ಮಾಳಬ್ಬೆ ಕೂತಿದ್ದಳು.

"ಯಾವಾಗಿಂದ ಗೊತ್ತಿತ್ತು ಅತ್ತಿ?" ಎಂದು ಕೇಳಿದೆ.

"ಮೊದಲನೇ ದಿನದಿಂದ. ನಾ ಮೂಗವ್ವ ಅಲ್ಲೇನು?" ಎಂದಳು. ಕಟ್ಟಿಗೆಯನ್ನು ಆವಿಗೆಯೊಳಗೆ ತಳ್ಳುತ್ತ ಹೇಳಿದಳು, "ಅವನ್ನ ನನ್ನ ತೊಡಿಮ್ಯಾಲೆ ಬೆಳಿಸೀನಿ ದೇಕಬ್ಬಿ. ನಲವತ್ತು ಮನಿ ಒಂದು ಕಡಿ, ಅವ ಒಬ್ಬ ಒಂದು ಕಡಿ. ನನಗ ಬ್ಯಾರೆ ದಾರಿ ತೋಚಲಿಲ್ಲ. ಬೈ ನನ್ನ, ಬೈ."

ಬೈಯಲಿಲ್ಲ. ಒಂದು ವರ್ಷ ಮಾತಾಡಲಿಲ್ಲ, ಅಷ್ಟೇ. ಆಕೆ ದಿನಾ ಕಟ್ಟಿಗೆ ತಂದಿಡುತ್ತಿದ್ದಳು, ನಾನು ರೊಟ್ಟಿ ಸುಡುತ್ತಿದ್ದೆ, ಆಕೆ ಓಡಿಹೋಗಿ ಕಟ್ಟೆ ಹತ್ತಿ "ಬಂತು" ಎಂದು ಕೂಗುತ್ತಿದ್ದಳು. ಎರಡನೆಯ ವರ್ಷಕ್ಕೆ ಆಕೆಯ ಮಂಡಿ ಸೋತಿತು, ಕಟ್ಟಿಗೆ ನಾನೇ ಹೊತ್ತೆ. ಕಟ್ಟಿಗೆಯ ಮಾತು ಆಡುತ್ತ ಆಡುತ್ತ ಮಾತು ಮೊದಲಾಯಿತು. ಪಡುವಣದಿಂದ ಯಾರೇ ಬಂದರೂ ಇಬ್ಬರೂ ಅಗಸೆಗೆ ಓಡುತ್ತಿದ್ದೆವು. ಉದ್ದ ಮೂಗಿನ, ಎಡಚ ಗಾಣಿಗನೊಬ್ಬನನ್ನು ಯಾರೂ ನೋಡಿರಲಿಲ್ಲ. ಒಬ್ಬ ಪಾರಸಿಕದವನು ಮಾತ್ರ, ಆ ದೊಡ್ಡೂರಿನಲ್ಲಿ ಈಗ ಮನುಷ್ಯರಿಗಿಂತ ತೋಳಗಳು ಹೆಚ್ಚು ಎಂದು ಕೇಳಿದ್ದೇನೆ ಎಂದ. ಆ ರಾತ್ರಿ ಇಬ್ಬರೂ ಒಂದೇ ಗಂಗಾಳದಲ್ಲಿ ಉಂಡೆವು, ಒಬ್ಬಳೇ ಕೂರಲು ಇಬ್ಬರಿಗೂ ಧೈರ್ಯವಿರಲಿಲ್ಲ.

ಅವನು ಹೋದ ಐದನೆಯ ವರ್ಷದ ಶ್ರಾವಣ. ಸಂಜೆ ದನ ಮನೆಗೆ ಬರುವ ಹೊತ್ತು. ನಾನು ಅಂಗಳದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಸೀತನಿಯ ವಾಸನೆ ಬಂತು. ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ ಕಾಳು ಉದುರಿಸುವಾಗ ಬರುವ ವಾಸನೆ. ಅದನ್ನು ನಮ್ಮ ಕಡೆ ಹುಟ್ಟಿದವರು ಬೇರೆ ಯಾವುದೋ ಎಂದುಕೊಳ್ಳಲು ಸಾಧ್ಯವಿಲ್ಲ. ಆದರೆ ಆಗ ನಮ್ಮ ಹೊಲಗಳಲ್ಲಿ ಜೋಳ ಬಿತ್ತಿರಲೇ ಇಲ್ಲ. ಸೀತನಿಗೆ ಇನ್ನೂ ಐದು ತಿಂಗಳಿತ್ತು.

ಬಾಗಿಲುಗಳು ಒಂದೊಂದಾಗಿ ತೆರೆದವು. ಮಾಳಬ್ಬೆ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. "ಯಾರ್ ಸುಡಾಕತ್ತೀರಿ? ಯಾರ ಮನ್ಯಾಗ?" ಎಂದು ಕೇಳಿದಳು. ಯಾರ ಮನೆಯಲ್ಲೂ ಇಲ್ಲ. ವಾಸನೆ ಬೀದಿಯ ನಡುವೆ, ಹಿಂದೆ ಹತ್ತು ಸಾವಿರ ಒಲೆಗಳ ವಾಸನೆ ನಿಲ್ಲುತ್ತಿದ್ದ ಜಾಗದಲ್ಲಿ ನಿಂತಿತ್ತು. ಮಾಳಬ್ಬೆ ಅಲ್ಲಿಗೆ ಹೋಗಿ, ತಲೆ ಮೇಲೆತ್ತಿ, ಬಹಳ ಹೊತ್ತು ಮೂಸಿದಳು. ಆಮೇಲೆ ಮಣ್ಣಿನ ಮೇಲೆ ಕೂತುಬಿಟ್ಟಳು. "ಮುಟ್ಯಾನ" ಎಂದಳು. "ನನ್ನ ಕೂಸು ಮುಟ್ಯಾನವ್ವಾ!"

ಬೀದಿ ಹುಚ್ಚೆದ್ದಿತು. ಬೆಲ್ಲ ಹಂಚಿದರು. ಗಾಳಿಯೂರು ಬದುಕಿದೆ, ನಮ್ಮವನೇ ಅಲ್ಲಿ ಒಲೆ ಹೂಡಿದ್ದಾನೆ, ಇನ್ನು ಈ ಬೀದಿಯನ್ನು ಮುಚ್ಚುವವರು ಯಾರು ಎಂದು ಹಲಗೆ ಬಾರಿಸಿದರು. ನನ್ನ ಬಾಯಿಗೂ ಯಾರೋ ಬೆಲ್ಲ ತುರುಕಿದರು. ನಾನು ಹೆಸರುಕಾಳಿನ ಮೊರ ಹಿಡಿದುಕೊಂಡೇ ನಿಂತಿದ್ದೆ. ಬದುಕಿದ್ದಾನೆ, ಬದುಕಿದ್ದಾನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಐದು ವರ್ಷದಲ್ಲಿ ಅಷ್ಟು ಸಂತೋಷವನ್ನು ನಾನು ಕಂಡಿರಲಿಲ್ಲ. ಆ ಸಂತೋಷ ಎಷ್ಟು ಹೊತ್ತು ಇತ್ತು ಎಂದರೆ, ಬೆಲ್ಲ ಕರಗುವಷ್ಟು ಹೊತ್ತು.

ಹೊರಡುವಾಗ ದಾರಿಯಲ್ಲಿ ಅಂಬಲಿಗೆ ಇರಲಿ ಎಂದು ನಾನೇ ಅವನಿಗೆ ಒಂದು ಚೀಲ ಜೋಳ ಕಟ್ಟಿಕೊಟ್ಟಿದ್ದೆ. ಅದನ್ನು ಅವನು ತಿಂದಿರಲಿಲ್ಲ. ಮರಳುಗಾಡಿನಲ್ಲಿ, ಹಡಗಿನಲ್ಲಿ, ಹಸಿದುಕೊಂಡು, ಬೀಜ ಉಳಿಸಿಕೊಂಡು ಹೋಗಿದ್ದ. ಹೋಗಿ, ಯಾರೂ ಇಲ್ಲದ ಆ ಊರಿನ ಯಾವುದೋ ಬಯಲಿನಲ್ಲಿ ಕಲ್ಲು ಆರಿಸಿ, ನೆಲ ಅಗೆದು, ಬಿತ್ತಿದ್ದ. ತೋಳಗಳನ್ನು ಓಡಿಸಿ ತೆನೆ ಕಾದಿದ್ದ. ಅಕ್ಕ ಇಲ್ಲ ಎಂದು ತಿಳಿದ ಮೇಲೆ ಇಷ್ಟೆಲ್ಲ ಮಾಡಿದ್ದ. ತಾನು ಒಲೆ ಹೊತ್ತಿಸದಿದ್ದರೆ ಇಲ್ಲಿ ನಲವತ್ತು ಒಲೆ ಆರುತ್ತವೆ ಎಂದು ಅವನಿಗೆ ಅರ್ಥವಾಗಿರಬೇಕು. ನಾನು ಅಗಸೆಯಲ್ಲಿ ಹೇಳಿದ್ದು ನಿಜವೆಂದೂ ಅವನಿಗೆ ಆಗ ಗೊತ್ತಾಗಿರಬೇಕು. ಮನೆಗೆ ಹಿಂತಿರುಗುವವನು ಹೊಲ ಮಾಡುವುದಿಲ್ಲ. ಬಿತ್ತಿದವನು ಅಲ್ಲೇ ನಿಲ್ಲುತ್ತಾನೆ.

ಇನ್ನೊಂದು ಯೋಚನೆ ಅದಕ್ಕಿಂತ ಆಳಕ್ಕೆ ಇರಿಯಿತು. ಅವನು ಮುಟ್ಟಿದ್ದು ಇವತ್ತಲ್ಲ. ಬಿತ್ತಿ ಬೆಳೆಯಲು ತಿಂಗಳುಗಳು ಬೇಕು. ಅದಕ್ಕೂ ಮುಂಚೆ ಎಷ್ಟೋ ಬೆಳಿಗ್ಗೆ ಅಲ್ಲಿ ಸೊಪ್ಪೋ ಗೆಡ್ಡೆಯೋ ಬೇಯಿಸಿಕೊಂಡಿರುತ್ತಾನೆ. ಅದು ಬೀದಿಗೆ ಬಂದಿರುತ್ತದೆ. ಆದರೆ ಆ ಹೊತ್ತಿಗೆ ಸರಿಯಾಗಿ ದಿಬ್ಬದ ಮೇಲಿಂದ ನನ್ನ ಸೀದ ರೊಟ್ಟಿಯ ಹೊಗೆ ಇಳಿಯುತ್ತಿತ್ತು. ಈ ಸೀತನಿ ಸಂಜೆ ಸುಟ್ಟದ್ದು, ಅದಕ್ಕೇ ತಿಳಿಯಿತು. ನನ್ನ ಗಂಡ ದಿನಾ ನನ್ನ ಬಾಗಿಲಿಗೆ ಬರುತ್ತಿದ್ದ, ದಿನಾ ನಾನೇ ಮುಚ್ಚಿಹಾಕುತ್ತಿದ್ದೆ. ಇದನ್ನು ಮಾಳಬ್ಬೆಗೆ ಹೇಳಿದೆ. ಆಕೆ ನನ್ನ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು.

ಮರುದಿನವೇ ಆವಿಗೆಯನ್ನು ಒಡೆದು ಹಾಕಿದೆ. ಆ ಚಳಿಗಾಲದಲ್ಲಿ ಮಾಳಬ್ಬೆ ಹೋದಳು. ಮುಂದಿನ ಮೂಗವ್ವ ಯಾರು ಎಂದು ಬೀದಿ ಕೂಡಿ ಕೂತಾಗ ಎಲ್ಲರೂ ನನ್ನನ್ನೇ ತೋರಿಸಿದರು. ಮೂಗು ತಿರುಗದವಳು ನಾನು ಎಂದೆ. "ಈಗ ಬರೂದು ನಿನ್ನ ಮನೀ ವಾಸನೀನ ಅಲ್ಲೇನವ್ವಾ, ಇನ್ನೇನ್ ತಿರುಗಬೇಕು?" ಎಂದರು. ಮರುದಿನ ಕಟ್ಟೆ ಹತ್ತಿದೆ.

ಈಗ ಇಪ್ಪತ್ತು ವರ್ಷವಾಯಿತು. ದಿನಾ ಬೆಳಿಗ್ಗೆ ಕಟ್ಟೆ ಹತ್ತಿ ನಿಲ್ಲುತ್ತೇನೆ. ಒಂದು ದಿನ ಅಂಬಲಿ, ಒಂದು ದಿನ ರೊಟ್ಟಿ. ರೊಟ್ಟಿ ತಟ್ಟುವುದು ಅವನಿಗೆ ಇನ್ನೂ ಸರಿಯಾಗಿ ಬಂದಿಲ್ಲ, ನಡುವೆ ಹಸಿಯಾಗಿ ಉಳಿಯುತ್ತದೆ. ಮಳೆಗಾಲದಲ್ಲಿ ಹೊಟ್ಟೆ ಕೆಡುತ್ತದೆ, ಗಂಜಿ ಮಾಡಿಕೊಳ್ಳುತ್ತಾನೆ. ನಾಲ್ಕು ವರ್ಷದ ಹಿಂದೆ ಅವನ ಒಲೆಯ ಪಕ್ಕದಲ್ಲಿ ಇನ್ನೆರಡು ಒಲೆ ಹೊತ್ತಿದವು, ಯಾರೋ ಬಂದು ಸೇರಿಕೊಂಡಿದ್ದಾರೆ. ಬೀದಿ ಹಿಗ್ಗಿತು. ನನ್ನ ಹೊಟ್ಟೆ ಉರಿಯಿತು, ಮುಚ್ಚಿಡುವುದು ಯಾಕೆ. ನಲವತ್ತು ಮನೆಯವರು ಕೆಳಗೆ ನಿಂತು ನನ್ನ ಬಾಯಿಯನ್ನೇ ನೋಡುತ್ತಿರುತ್ತಾರೆ. ನಾನು "ಬಂತು" ಎನ್ನುತ್ತೇನೆ. ಅವರಿಗೆ ಅದರ ಅರ್ಥ ಊರು ಉಳಿಯಿತು ಎಂದು. ನನಗೆ ಅದರ ಅರ್ಥ, ಅವನು ಇವತ್ತೂ ಹೊರಡಲಿಲ್ಲ ಎಂದು.

ನನಗೂ ವಯಸ್ಸಾಯಿತು, ಅವನಿಗೂ ಆಗಿದೆ. ಒಂದು ಬೆಳಿಗ್ಗೆ ಅವನ ಒಲೆಯ ವಾಸನೆ ಬರದೆ ಇರುತ್ತದೆ. ಬಂದು ಸೇರಿದವರು ಅಷ್ಟರಲ್ಲಿ ಬೇರೆ ಕಡೆ ಹೋಗಿದ್ದರೆ ಮೂರನೆಯ ದಿನ ಬೀದಿಯವರು ಒಲೆ ಆರಿಸಿ ಸೂತಕಕ್ಕೆ ಕೂರುತ್ತಾರೆ, ಬೀದಿ ಮುಚ್ಚುತ್ತಾರೆ. ಮುಚ್ಚಲಿ. ಒಂದು ಸಲ ಉಳಿಸಿದ್ದು ಸಾಕು. ನಾನು ಸೂತಕಕ್ಕೆ ಕೂರುವುದಿಲ್ಲ. ಒಲೆ ಆರಿಸಿ ಬೀಜದ ಚೀಲ ಹೆಗಲಿಗೆ ಹಾಕಿಕೊಂಡು ಅವನು ಮನೆಗೆ ಹೊರಟಿರಬಹುದಲ್ಲ? ಅಲ್ಲಿಂದ ಇಲ್ಲಿಗೆ ಎರಡು ವರ್ಷದ ದಾರಿ. ಅಗಸೆಯಲ್ಲಿ ಹೋಗಿ ಕೂರುತ್ತೇನೆ, ಎರಡು ವರ್ಷ.